ಉರುಫ್ ಅಬ್ಬಯ್ಯ

ಮಂಡಿಕಲ್ಲಿನ ನಮ್ಮ ಮನೆಯಲ್ಲಿ ಎಲ್ಲರಿಗೂ ಎರಡೆರಡು ಹೆಸರಿದ್ದವು. ಒಂದು ಶಾಲೆಯ ದಾಖಲೆಗೆ, ಇನ್ನೊಂದು ಬಾಯಿಗೆ. ನಾನು ದಾಖಲೆಯಲ್ಲಿ ಸರೋಜ, ಮನೆಯಲ್ಲಿ ಚಿಟ್ಟಿ. ಅಮ್ಮ ಮದುವೆಯ ಲಗ್ನಪತ್ರಿಕೆಯಲ್ಲಿ ಅನ್ನಪೂರ್ಣ, ಅಡುಗೆಮನೆಯಲ್ಲಿ ಪಾಪಮ್ಮ. ಅಪ್ಪನ ತಮ್ಮ, ಅಂದರೆ ನನ್ನ ಚಿಕ್ಕಪ್ಪ, ದಾಖಲೆಯಲ್ಲಿ ವೆಂಕಟರಮಣಯ್ಯ. ಆ ಹೆಸರು ಹಿಡಿದು ಅವನನ್ನು ಕರೆದದ್ದನ್ನು ನಾನು ನನ್ನ ಜೀವಮಾನದಲ್ಲಿ ಎರಡೇ ಸಲ ಕೇಳಿದ್ದೇನೆ. ಅದೂ ರೇಡಿಯೋದಲ್ಲಿ. ಮಿಕ್ಕಂತೆ ಅವನು ಇಡೀ ಊರಿಗೆ ಅಬ್ಬಯ್ಯ. ನಾನು ಕೂಡ ಚಿಕ್ಕಪ್ಪ ಅನ್ನದೆ ಅಬ್ಬಯ್ಯ ಅಂತಲೇ ಕೂಗುತ್ತಿದ್ದೆ, ಅವನೂ ಓಗೊಡುತ್ತಿದ್ದ. ನನಗಿಂತ ಹತ್ತು ಹನ್ನೊಂದು ವರ್ಷಕ್ಕೆ ದೊಡ್ಡವನು, ಅಷ್ಟೆ. ಮನೆಯ ಭಾಷೆಗೂ ಹೀಗೇ ಎರಡು ಮುಖ. ಹೊಸಿಲಿನ ಒಳಗೆ ತೆಲುಗು, ಹೊರಗೆ ಕನ್ನಡ. ಅಪ್ಪನ ತಾಯಿಯನ್ನು ನಾವು ತೆಲುಗಿನವರ ಹಾಗೆ ಅವ್ವ ಅನ್ನುತ್ತಿದ್ದೆವು. ಅವ್ವನ ತವರು ಕದಿರಿಯ ಕಡೆ. ನಲವತ್ತು ವರ್ಷ ಮಂಡಿಕಲ್ಲಿನ ನೀರು ಕುಡಿದರೂ ಅವಳಿಗೆ ಕನ್ನಡ ಬಂದದ್ದು ಸೊಪ್ಪು ಕೊಳ್ಳುವಷ್ಟು, ಹಸುವನ್ನು ಬೈಯುವಷ್ಟು. ನಾವು ಅವಳೊಡನೆ ತೆಲುಗಿನಲ್ಲಿ ಆಡಿದ ಮಾತನ್ನು ಇಲ್ಲಿ ಕನ್ನಡದಲ್ಲೇ ಹೇಳುತ್ತಿದ್ದೇನೆ.

ಅಪ್ಪ ಊರಿನ ಶಾಲೆಯ ಮೇಷ್ಟ್ರು. ಕನ್ನಡದ ವಿಷಯದಲ್ಲಿ ಬಹಳ ಬಿಗಿ. ಊಟಕ್ಕೆ ಕೂತಾಗ ನಾನು ಕನ್ನಡದಲ್ಲಿ ‘ನೀರು ಹಾಕು’ ಅಂದರೆ ‘ಬಡಿಸು ಅನ್ನಬೇಕು’ ಅನ್ನುತ್ತಿದ್ದರು. ‘ನೀರು ಬಡಿಸು ಅಂತ ಯಾರು ಹೇಳ್ತಾರೆ?’ ಅಂತ ಅಮ್ಮ ಒಳಗಿನಿಂದಲೇ ನಗುತ್ತಿದ್ದಳು. ಮನೆಯಲ್ಲಿ ತೆಲುಗಾಡುವ ಕನ್ನಡ ಮೇಷ್ಟ್ರನ್ನು ಯಾರಾದರೂ ಹಗುರ ಮಾಡಿಯಾರು ಅನ್ನುವ ಅಳುಕು ಅವರಿಗೆ ಇತ್ತೆಂದು ನನಗೆ ಈಗ ಅನ್ನಿಸುತ್ತದೆ. ಆಗ ಅದು ಬರೀ ಸಿಡುಕು ಅಂದುಕೊಂಡಿದ್ದೆ. ಅಪ್ಪ ಕೆಟ್ಟವರಲ್ಲ. ಅದನ್ನು ಹೇಳಿಯೇ ನಾನು ಮುಂದೆ ಹೋಗಬೇಕು, ಏಕೆಂದರೆ ಮುಂದೆ ಹೇಳುವುದನ್ನು ಕೇಳಿದವರಿಗೆ ಹಾಗೆ ಅನ್ನಿಸದೆ ಇರಬಹುದು.

ನನಗೆ ಎಂಟು ತುಂಬಿದ ಮೇಲೆ ಪಂಚಾಯಿತಿಗೆ ಸರ್ಕಾರದಿಂದ ರೇಡಿಯೋ ಬಂತು. ಪಂಚಾಯಿತಿ ಕಟ್ಟಡ ಸೋರುತ್ತಿತ್ತು. ಹಾಗಾಗಿ ಪೆಟ್ಟಿಗೆಯನ್ನು ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಇಟ್ಟರು, ಅಪ್ಪನನ್ನು ಅದರ ಉಸ್ತುವಾರಿ ಮಾಡಿದರು. ಗೋಡೆಗೆ ಹಲಗೆ ಹೊಡೆದು ಅದರ ಮೇಲೆ ಬೂದು ಬಣ್ಣದ ಪೆಟ್ಟಿಗೆ, ಅದರ ಕೆಳಗೆ ಇಟ್ಟಿಗೆಯಷ್ಟು ಭಾರದ ಬ್ಯಾಟರಿ, ಸೂರಿನ ಮೇಲೆ ಎರಡು ಬಿದಿರು ನೆಟ್ಟು ಅವುಗಳ ನಡುವೆ ತಾಮ್ರದ ತಂತಿ, ಜಗಲಿಯ ಕಂಬಕ್ಕೆ ಒಂದು ತುತ್ತೂರಿ. ಇನ್ನೊಂದು ತಂತಿ ಗೋಡೆಯಿಂದ ಇಳಿದು ಅಂಗಳದ ತುಳಸಿಕಟ್ಟೆಯ ಪಕ್ಕದ ಗುಂಡಿಗೆ ಹೋಗುತ್ತಿತ್ತು. ಆ ಗುಂಡಿಗೆ ದಿನವೂ ಒಂದು ಚೆಂಬು ನೀರು ಹಾಕಬೇಕು, ನೆಲ ಒಣಗಿದರೆ ಧ್ವನಿ ಗೊರಗೊರ ಅನ್ನುತ್ತದೆ ಎಂದು ಪೆಟ್ಟಿಗೆ ಕೂರಿಸಲು ಬಂದವನು ಹೇಳಿ ಹೋಗಿದ್ದ. ಹೇಗೂ ತುಳಸಿಗೆ ನೀರು ಹಾಕುವವಳು ಅವ್ವ. ಗುಂಡಿಯ ಕೆಲಸವೂ ಅವಳ ಪಾಲಿಗೆ ಬಂತು. ಪೆಟ್ಟಿಗೆಗೆ ಬೀಗವಿತ್ತು, ಬೀಗದ ಕೈ ಅಪ್ಪನ ಜನಿವಾರದಲ್ಲಿತ್ತು. ಹಾಕುವುದಕ್ಕೂ ಧ್ವನಿ ಏರಿಸುವುದಕ್ಕೂ ಒಂದೇ ತಿರುಪು. ಬೇರೆ ಕೇಂದ್ರ ಹುಡುಕುವ ತಿರುಪನ್ನು ಸರ್ಕಾರದವರೇ ಕಿತ್ತಿದ್ದರು. ಅದರಲ್ಲಿ ಬರುವುದು ಬೆಂಗಳೂರು ಕೇಂದ್ರ ಒಂದೇ.

ಸಂಜೆ ಆರೂವರೆಗೆ ಅಪ್ಪ ಕೈಕಾಲು ತೊಳೆದು, ವಿಭೂತಿ ಇಟ್ಟುಕೊಂಡು, ಬೀಗ ತೆಗೆಯುತ್ತಿದ್ದರು. ಅಷ್ಟರಲ್ಲಿ ಜಗಲಿ ತುಂಬಿರುತ್ತಿತ್ತು. ಹಳ್ಳಿಗರ ಕಾರ್ಯಕ್ರಮ, ಪೇಟೆ ಧಾರಣೆ, ಮಳೆ ಗಾಳಿ, ಕಡೆಯಲ್ಲಿ ವಾರ್ತೆ. ಕೇರಿಯ ಜನ ಜಗಲಿ ಹತ್ತುತ್ತಿರಲಿಲ್ಲ, ಬೀದಿಯ ಆಚೆ ಹೊಂಗೆಮರದ ಕೆಳಗೆ ಕೂರುತ್ತಿದ್ದರು. ಸರ್ಕಾರದ ರೇಡಿಯೋ ಅವರದ್ದೂ ಹೌದು ಅಂತ ಆಗ ನಮ್ಮ ಮನೆಯಲ್ಲಿ ಯಾರೂ ಯೋಚಿಸಲಿಲ್ಲ. ತುತ್ತೂರಿ ದೇವಸ್ಥಾನದ ಕಡೆಗೆ ಮುಖ ಮಾಡಿತ್ತು. ಒಂದು ದಿನ ಅಬ್ಬಯ್ಯ ಕಂಬ ಹತ್ತಿ ಅದನ್ನು ಹೊಂಗೆಮರದ ಕಡೆಗೆ ತಿರುಗಿಸಿದ. ಅಪ್ಪ ಗೊಣಗಿದರು, ಆದರೆ ಮತ್ತೆ ತಿರುಗಿಸಲಿಲ್ಲ. ಎಲ್ಲ ಮುಗಿದ ಮೇಲೆ ಅಪ್ಪ ಒಂದು ಉದ್ದನೆಯ ಪುಸ್ತಕದಲ್ಲಿ ಬರೆಯುತ್ತಿದ್ದರು: ಧ್ವನಿ ಸುಸ್ಪಷ್ಟವಾಗಿತ್ತು, ಶ್ರೋತೃಗಳು ಶಾಂತಚಿತ್ತರಾಗಿ ಆಲಿಸಿದರು. ಶಾಂತಚಿತ್ತರು ಅಂದರೆ ಅಷ್ಟು ಹೊತ್ತೂ ಎಲೆ ಅಡಿಕೆ ಜಗಿಯುತ್ತ ಕಿತ್ತಾಡುತ್ತಿದ್ದವರು. ನನಗೆ ಆ ಪುಸ್ತಕ ಓದುವುದೆಂದರೆ ಬಲು ಇಷ್ಟ.

ಅವ್ವ ಮಾತ್ರ ಬಾಗಿಲ ಹಿಂದೆ ಕೂತು, ಬತ್ತಿ ಹೊಸೆಯುತ್ತ, ಏನೂ ಅರ್ಥವಾಗದೆ ಕೇಳುತ್ತಿದ್ದಳು.

“ಇದೇಮಿ ಭಾಷರಾ ಅಬ್ಬಯ್ಯಾ? ಮನುಷುಲು ಮಾಟ್ಲಾಡೇದೇನಾ ಇದಿ?” ಅನ್ನುತ್ತಿದ್ದಳು. ಮನುಷ್ಯರು ಆಡುವ ಭಾಷೆಯೇನೋ ಇದು, ಅಂತ.

“ಬೆಂಗಳೂರು ಮನುಷ್ಯರಮ್ಮ. ಅವ್ರು ಹಂಗೇ ಮಾತಾಡೋದು,” ಅನ್ನುತ್ತಿದ್ದ ಅಬ್ಬಯ್ಯ.

ಅಬ್ಬಯ್ಯನಿಗೆ ಓದು ಹತ್ತಿರಲಿಲ್ಲ. ಅಣ್ಣನ ಶಾಲೆಯಲ್ಲಿ, ಅಣ್ಣನ ಕೈಯಲ್ಲೇ ಏಟು ತಿಂದು ಏಳನೇ ಕ್ಲಾಸಿಗೆ ಬಿಟ್ಟಿದ್ದ. ಆದರೆ ಅವನ ಕೈಗೆ ಸಿಕ್ಕಿದ ಯಾವುದೂ ಕೆಟ್ಟು ಕೂರುತ್ತಿರಲಿಲ್ಲ. ಊರವರ ಗಡಿಯಾರ, ಬೀಗ, ಸೈಕಲ್, ಅವ್ವನ ಕನ್ನಡಕದ ಕಾಲು. ಚಿಕ್ಕಬಳ್ಳಾಪುರಕ್ಕೆ ಸಾಮಾನು ತರಲು ಹೋದಾಗ ರೇಡಿಯೋ ರಿಪೇರಿ ಅಂಗಡಿಯ ಮುಂದೆ ನಿಂತುಬಿಡುತ್ತಿದ್ದ, ಬಸ್ಸು ತಪ್ಪಿಸಿಕೊಂಡು ಕಾಲ್ನಡಿಗೆಯಲ್ಲಿ ಬರುತ್ತಿದ್ದ. ಬಂದು ನನಗೆ ನೆಲದ ಮೇಲೆ ಸೀಮೆಸುಣ್ಣದಲ್ಲಿ ಪೆಟ್ಟಿಗೆಯ ಹೊಟ್ಟೆಯೊಳಗಿನ ಚಿತ್ರ ಬರೆದು ತೋರಿಸುತ್ತಿದ್ದ. ಅಮ್ಮ ಅದನ್ನು ಅಳಿಸಿ ರಂಗೋಲಿ ಇಡುತ್ತಿದ್ದಳು.

ಒಂದು ವಾರ ನನಗೆ ಗದ್ದಕಟ್ಟು ಬಂದು ಶಾಲೆಗೆ ಹೋಗಿರಲಿಲ್ಲ. ಮಧ್ಯಾಹ್ನ. ಅಪ್ಪ ಶಾಲೆಯಲ್ಲಿ, ಅಮ್ಮ ಬಟ್ಟೆ ಒಗೆಯಲು ಕುಂಟೆಗೆ ಹೋಗಿದ್ದಳು. ಅವ್ವ ಮುಂದಿನ ಕೋಣೆಯಲ್ಲಿ ನನ್ನ ದವಡೆಗೆ ಏನೋ ಅರೆದು ಹಚ್ಚುತ್ತ, ತವರಿನಲ್ಲಿ ಚಿಕ್ಕಂದಿನಲ್ಲಿ ಕೇಳಿದ ಹರಿಕಥೆಗಳ ಬಗ್ಗೆ ಹೇಳುತ್ತಿದ್ದಳು. ಅಬ್ಬಯ್ಯ ಕಿಟಕಿಯಲ್ಲಿ ಕೂತಿದ್ದ.

“ತೆಲುಗೂ ಬರತ್ತಮ್ಮ ರೇಡಿಯೋದಲ್ಲಿ. ಇದ್ರಲ್ಲೇ ಬರತ್ತೆ, ಅವ್ರು ಮುಚ್ಚಿಬಿಟ್ಟವ್ರೆ ಅಷ್ಟೆ,” ಅಂದ.

ಅವ್ವ ಕೈ ನಿಲ್ಲಿಸಿ ಪೆಟ್ಟಿಗೆಯನ್ನು ನೋಡಿದಳು. “ಒಕ್ಕ ಹರಿಕಥ ವಿಂಟೇ ಚಾಲುರಾ ನಾಕು,” ಅಂದಳು. ಒಂದೇ ಒಂದು ಹರಿಕಥೆ ಕೇಳಿದರೆ ಸಾಕು ಅನ್ನುವುದು ಅವಳ ಆಸೆ. ಅದನ್ನು ಅವಳು ಬೇಡಿಕೆಯಾಗಿ ಹೇಳಲಿಲ್ಲ. ಆದರೆ ಅವಳು ಹಾಗೆ ಅಂದದ್ದು ನಿಜ, ನಾನು ಕೇಳಿಸಿಕೊಂಡದ್ದೂ ನಿಜ.

ಬೀಗ ಮುಂದೆ ಇತ್ತು. ಹಿಂದುಗಡೆ ನಾಲ್ಕು ತಿರುಪುಮೊಳೆ ಅಷ್ಟೆ. ಅಬ್ಬಯ್ಯ ಅವನ್ನು ಬಿಚ್ಚಿ, ಹೊರಗೆ ಕೇಳಿಸದ ಹಾಗೆ ತುತ್ತೂರಿಯ ತಂತಿ ಕಳಚಿ, ಒಳಗಿನಿಂದಲೇ ಪೆಟ್ಟಿಗೆ ಹಾಕಿ, ನಾಲಿಗೆ ಕಚ್ಚಿಕೊಂಡು, ಏನನ್ನೋ ಕೂದಲೆಳೆಯಷ್ಟು ತಿರುಗಿಸಿದ. ನನ್ನನ್ನು ಬಾಗಿಲಲ್ಲಿ ನಿಲ್ಲಿಸಿದ್ದ, ಯಾರಾದರೂ ಬಂದರೆ ಕೆಮ್ಮಬೇಕು ಅಂತ. ಎಷ್ಟೋ ಹೊತ್ತು ಸಿಳ್ಳೆ, ಗೊರಗೊರ. ಆಮೇಲೆ ದೂರದಿಂದ ಯಾರೋ ತೆಲುಗಿನಲ್ಲಿ ಪದ್ಯ ಹಾಡುವುದು ಕೇಳಿಸಿತು. ಹರಿಕಥೆಯಲ್ಲ, ಯಾವುದೋ ನಾಟಕದ್ದಿರಬೇಕು. ಅವ್ವ ಎದ್ದು ನಿಂತಳು. ಸೆರಗಿನಿಂದ ಹಲಗೆಯ ಧೂಳು ಒರೆಸಿದಳು. ಮತ್ತೆ ಕೂರಲಿಲ್ಲ, ಕಾಲು ಗಂಟೆ ನಿಂತೇ ಕೇಳಿದಳು. ಅವಳು ಬಾಯಿ ಬಿಟ್ಟು ನಕ್ಕದ್ದನ್ನು ನಾನು ನೋಡಿದ್ದು ಆ ಮಧ್ಯಾಹ್ನವೇ. ಅವಳಿಗೆ ಮುಂದಿನ ಎರಡು ಹಲ್ಲು ಇಲ್ಲ ಅನ್ನುವುದೂ ನನಗೆ ಆಗಲೇ ಗೊತ್ತಾದದ್ದು.

ಆಮೇಲೆ ಅಬ್ಬಯ್ಯನಿಗೆ ಅದನ್ನು ಹಿಂದಕ್ಕೆ ತಿರುಗಿಸಲು ಆಗಲಿಲ್ಲ. ಏನು ಮಾಡಿದರೂ ಬೆಂಗಳೂರು ಸಿಗಲೊಲ್ಲದು. ಕಡೆಗೆ ಒಳಗೆ ಏನೋ ಟಕ್ ಅಂತು, ತೆಲುಗೂ ಹೋಯಿತು. ನಾಲ್ಕೂ ಮೊಳೆ ಬಿಗಿದು, ಪೆಟ್ಟಿಗೆ ಇದ್ದ ಹಾಗೇ ಇಟ್ಟು, “ಚಿಟ್ಟಿ, ಏನೂ ಹೇಳ್ಬೇಡ ಕಣೇ. ನಮ್ಮಮ್ಮನ ವಿಷ್ಯ ಅಂತೂ ಹೇಳ್ಲೇಬೇಡ,” ಅಂದ.

ಸಂಜೆ ಜಗಲಿ ತುಂಬಿತ್ತು. ತಾಲ್ಲೂಕಿನಿಂದ ಒಬ್ಬ ಸಾಹೇಬರು ಬೇರೆ ರೇಡಿಯೋ ಹೇಗಿದೆ ನೋಡಲು ಬಂದಿದ್ದರು. ಅಪ್ಪ ಬೀಗ ತೆಗೆದು ತಿರುಪು ತಿರುಗಿಸಿದರು. ಪೆಟ್ಟಿಗೆ ಸುಮ್ಮನಿತ್ತು. ಇನ್ನೂ ತಿರುಗಿಸಿದರು. ಸಾಹೇಬರು ಹಿಂದುಗಡೆ ಬಗ್ಗಿ ನೋಡಿ, ಮೊಳೆಗಳ ಮೇಲಿನ ಹೊಸ ಗೀರುಗಳನ್ನು ಬೆರಳಿಟ್ಟು ತೋರಿಸಿ, “ಏನ್ರೀ ಮೇಷ್ಟ್ರೇ, ಇದು ಸರ್ಕಾರದ ಆಸ್ತಿ. ಮನೆ ಮಕ್ಕಳ ಆಟಕ್ಕೆ ಕೊಟ್ಟಿದ್ದೀರಾ?” ಅಂದರು. ಊರೆಲ್ಲ ಕೇಳುವ ಹಾಗೆ ಅಂದರು. ಅಪ್ಪನ ಮುಖ ಕೆಂಪಾಯಿತು. ಯಾರು ಅಂತ ಅವರು ಕೇಳಲೂ ಇಲ್ಲ. ಸೀದಾ ಅಬ್ಬಯ್ಯನ ಹತ್ತಿರ ಹೋಗಿ ಕೆನ್ನೆಗೆ ಬಾರಿಸಿದರು. ಅವನು ಕೈ ಅಡ್ಡ ಹಿಡಿಯಲಿಲ್ಲ. ಇನ್ನೊಂದು ಬಾರಿಸಿದರು.

“ನಾಳೆ ಬೆಳಗ್ಗೆ ನಾನೇ ಪೊಲೀಸಿನೋರಿಗೆ ಹಿಡ್ಕೊಡ್ತೀನಿ ಕಣೋ ನಿನ್ನ! ಸರ್ಕಾರದ ಪೆಟ್ಟಿಗೆ ಒಡೆದೋನಿಗೆ ಜೈಲೇ ಸರಿ!”

ಅವ್ವ ಬಾಗಿಲಿಗೆ ಬಂದಳು. ಅವಳ ಬಾಯಿ ತೆರೆದದ್ದು ನನಗೆ ಕಾಣಿಸಿತು. ಅಬ್ಬಯ್ಯ ಅವಳ ಕಡೆ ನೋಡಿ ಬೇಡ ಅಂತ ತಲೆ ಅಲ್ಲಾಡಿಸಿದ. ಅವಳು ಬಾಯಿ ಮುಚ್ಚಿದಳು. ತನಗೋಸ್ಕರ ಮಗ ಹೀಗೆ ಮಾಡಿದ ಅಂತ ಅವಳು ಒಂದು ಮಾತು ಹೇಳಿದ್ದರೆ ಅಪ್ಪ ಕೈ ಇಳಿಸುತ್ತಿದ್ದರು, ಅವರು ತಾಯಿಗೆ ಯಾವತ್ತೂ ಎದುರು ಆಡಿದವರಲ್ಲ. ನಾನೂ ಹೇಳಬಹುದಿತ್ತು. ಗದ್ದಕ್ಕೆ ಬಟ್ಟೆ ಕಟ್ಟಿಕೊಂಡು ಕಂಬ ಹಿಡಿದು ನಿಂತಿದ್ದೆ, ಬಾಯಿ ನೋಯುತ್ತಿತ್ತು ಅನ್ನುವ ನೆಪ ಹೇಳಿಕೊಂಡು ಅರವತ್ತು ವರ್ಷ ಕಳೆದಿದ್ದೇನೆ. ಬೆಳಗ್ಗೆ ಎದ್ದರೆ ಅಬ್ಬಯ್ಯನ ಹಾಸಿಗೆ ಸುತ್ತಿಟ್ಟಿತ್ತು. ಅವನು ಹೋಗಿದ್ದ.

ಮೊದಲ ವಾರ ಅಪ್ಪ “ಹೊಟ್ಟೆ ಹಸಿದ್ರೆ ಬರ್ತಾನೆ” ಅಂದರು. ಎರಡನೇ ವಾರ ತಾವೇ ಚಿಕ್ಕಬಳ್ಳಾಪುರ, ಗೌರಿಬಿದನೂರು, ಕದಿರಿ ಎಲ್ಲ ಸುತ್ತಿ ಬಂದರು. ತಿಂಗಳಾಗುವಷ್ಟರಲ್ಲಿ ಪೆಟ್ಟಿಗೆ ರಿಪೇರಿಯಾಗಿ ವಾಪಸು ಬಂತು. ಯಾರೋ ಹೇಳಿದರು, ಕಾಣೆಯಾದವರ ಬಗ್ಗೆ ಠಾಣೆಯಲ್ಲಿ ಬರೆದುಕೊಟ್ಟರೆ ಅವರು ಬೆಂಗಳೂರಿಗೆ ಕಳಿಸುತ್ತಾರೆ, ವಾರ್ತೆಯ ಹೊತ್ತಿಗೆ ರೇಡಿಯೋದಲ್ಲಿ ಓದುತ್ತಾರೆ ಅಂತ. ಅಪ್ಪ ಕಿಟಕಿಯ ಬಳಿ ಮೇಜು ಎಳೆದುಕೊಂಡು ಕರಡು ಬರೆಯಲು ಕೂತರು. ನಾವೆಲ್ಲ ಸುತ್ತ ನಿಂತೆವು. ಅವ್ವ ಹೇಳಿದಳು, ನೇರವಾಗಿ ರೇಡಿಯೋಗೇ ಹೇಳುವವಳ ಹಾಗೆ:

“ಅಬ್ಬಯ್ಯಾ, ನಾಯನಾ, ಎಕ್ಕಡುನ್ನಾ ಇಂಟಿಕಿ ರಾ. ಅಮ್ಮ ಪಿಲುಸ್ತಾ ಉಂದಿ.” ಎಲ್ಲಿದ್ದರೂ ಮನೆಗೆ ಬಾ ಕಂದ, ಅಮ್ಮ ಕರೀತಿದಾಳೆ. ಇಷ್ಟೇ ಅವಳು ಹೇಳಿದ್ದು.

“ಅದು ಕನ್ನಡ ಕೇಂದ್ರ, ಅಮ್ಮ. ತೆಲುಗು ಓದಲ್ಲ,” ಅಂದರು ಅಪ್ಪ. “ಮತ್ತೆ ಹೀಗೆಲ್ಲ ಅಳೋ ಹಾಗೆ ಬರೆಯೋಕೆ ಆಗಲ್ಲ. ಅದಕ್ಕೊಂದು ಕ್ರಮ ಇದೆ.”

ವೆಂಕಟರಮಣಯ್ಯ ಎಂಬ ಯುವಕ, ಅಂತ ಬರೆದರು. ಅಮ್ಮ ಬಗ್ಗಿ ನೋಡಿದಳು.

“ಅಬ್ಬಯ್ಯ ಅಂತ್ಲೂ ಹಾಕ್ರೀ. ವೆಂಕಟರಮಣಯ್ಯ ಅಂದ್ರೆ ಯಾರಿಗೆ ಗೊತ್ತಾಗತ್ತೆ? ಜಮೀನು ಪತ್ರದಲ್ಲಿ ಹಾಕ್ತಾರಲ್ಲ, ಉರುಫ್ ಅಂತ, ಹಾಗೆ. ವೆಂಕಟರಮಣಯ್ಯ ಉರುಫ್ ಅಬ್ಬಯ್ಯ.”

ಅಪ್ಪ ಲೇಖನಿ ಕೆಳಗಿಟ್ಟರು. “ಉರುಫ್ ಹಾಕೋದು ಯಾರಿಗೆ ಗೊತ್ತೇನು? ಠಾಣೆ ಗೋಡೆ ಮೇಲೆ ಅಂಟಿಸಿರ್ತಾರೆ ಹೋಗಿ ನೋಡು. ಮುನಿಯ ಉರುಫ್ ಕುಂಟ ಮುನಿಯ. ಎಲ್ಲ ಕಳ್ಳರು. ನನ್ನ ತಮ್ಮನ ಹೆಸರಿಗೆ ಉರುಫ್ ಹಾಕಿ ಇಡೀ ಮೈಸೂರು ಸೀಮೆಗೆ ಕೇಳಿಸ್ಲಾ? ಅವನೇನು ಕಳ್ಳನಾ?”

ಅದು ಅಪ್ಪ ತಮ್ಮನ ಮಾನ ಕಾಯುವುದಕ್ಕೆ ಹೇಳಿದ ಮಾತು. ಒಂದು ತಿಂಗಳ ಹಿಂದೆ ಊರೆದುರಿಗೆ ಅವನನ್ನು ಕಳ್ಳನ ಹಾಗೆ ಹೊಡೆದವರು ಈಗ ಅವನ ಹೆಸರಿಗೆ ಒಂದು ಕಲೆ ತಾಗಬಾರದು ಅಂತ ಅಷ್ಟು ಎಚ್ಚರ ವಹಿಸಿದ್ದರು. ಮಾತೃಭಾಷೆಯ ಕಡೆಯೂ ಹಾಗೇ ಆಯಿತು. ಮೇಷ್ಟ್ರ ತಮ್ಮ ತೆಲುಗು ಮಾತನಾಡುತ್ತಾನೆ ಅಂತ ಬರೆಯಲು ಮನಸ್ಸು ಬರಲಿಲ್ಲ, ಕನ್ನಡ ಮಾತನಾಡಬಲ್ಲರು ಅಂತ ಬರೆದರು. ಅಮ್ಮ ಇನ್ನೊಂದು ಸಲ ಹೇಳಿ, ಬೈಸಿಕೊಂಡು, ಒಳಗೆ ಹೋದಳು. ನಾನು ಆ ಕರಡನ್ನು ಶುದ್ಧಪ್ರತಿ ಮಾಡಿಕೊಟ್ಟೆ. ನನ್ನ ಅಕ್ಷರ ಗುಂಡಗೆ ಚೆನ್ನಾಗಿದೆ ಅಂತ ಅಪ್ಪ ಹೊಗಳಿದರು.

ಅದು ಓದುವ ದಿನ ಯಾವುದು ಅಂತ ಗೊತ್ತಿರಲಿಲ್ಲ. ಹಾಗಾಗಿ ದಿನವೂ ಸಂಜೆ ಇಡೀ ಮನೆ ಪೆಟ್ಟಿಗೆಯ ಮುಂದೆ ಕೂರುತ್ತಿತ್ತು. ಅವ್ವ ಬಾಗಿಲ ಹಿಂದಿನಿಂದ ಎದ್ದು ಬಂದು ಪೆಟ್ಟಿಗೆಯ ಕೆಳಗೇ ಕೂರತೊಡಗಿದಳು, ಗಂಡಸರು ಇದ್ದರೂ ಲೆಕ್ಕಿಸುತ್ತಿರಲಿಲ್ಲ. ಕಡೆಗೆ ಒಂದು ಗುರುವಾರ ಬಂತು.

“ಒಂದು ಪ್ರಕಟಣೆ. ಚಿಕ್ಕಬಳ್ಳಾಪುರ ತಾಲ್ಲೂಕು ಮಂಡಿಕಲ್ ಗ್ರಾಮದ ವೆಂಕಟರಮಣಯ್ಯ ಎಂಬ ಯುವಕ ಕಾಣೆಯಾಗಿದ್ದಾರೆ. ವಯಸ್ಸು ಇಪ್ಪತ್ತು. ಎಣ್ಣೆಗೆಂಪು ಬಣ್ಣ, ತೆಳುವಾದ ಮೈಕಟ್ಟು. ಬಿಳಿಯ ಪಂಚೆ, ನೀಲಿ ಅಂಗಿ ಧರಿಸಿದ್ದಾರೆ. ಕನ್ನಡ ಮಾತನಾಡಬಲ್ಲರು. ಇವರ ಸುಳಿವು ದೊರೆತವರು ಸಮೀಪದ ಪೊಲೀಸ್ ಠಾಣೆಗೆ ತಿಳಿಸತಕ್ಕದ್ದು.”

ಅಪ್ಪ ಪಂಚೆಯ ತುದಿಯಿಂದ ಕಣ್ಣು ಒರೆಸಿಕೊಂಡರು. ಓದಿದವರ ಧ್ವನಿ ಬಲು ಗಂಭೀರವಾಗಿತ್ತು, ಒಂದಕ್ಷರ ತಪ್ಪಿರಲಿಲ್ಲ. ಮುಂದಿನ ವಾರ್ತೆ ಶುರುವಾಯಿತು. ಅವ್ವ ಇನ್ನೂ ಪೆಟ್ಟಿಗೆಯನ್ನೇ ನೋಡುತ್ತ ಕೂತಿದ್ದಳು. ಅದೂ ಮುಗಿದು ಅಪ್ಪ ಬೀಗ ಹಾಕಲು ಎದ್ದಾಗ ನನ್ನ ಕೈ ಜಗ್ಗಿ ಮೆಲ್ಲಗೆ ಕೇಳಿದಳು:

“ವಾಡಿ ಪೇರು ಎಪ್ಪುಡು ಚೆಪ್ತಾರೇ ಚಿಟ್ಟೀ?”

ಅವನ ಹೆಸರು ಯಾವಾಗ ಹೇಳ್ತಾರೆ, ಅಂತ. ಆಗಲೇ ಹೇಳಿಯಾಯಿತು ಅವ್ವ ಅಂದರೆ ಅವಳು ನಂಬಲೇ ಇಲ್ಲ. ನನ್ನ ಮಗನ ಹೆಸರು ನನಗೆ ಗೊತ್ತಾಗುವುದಿಲ್ಲವೇ ಅಂದಳು.

ಮರುದಿನವೂ ಅದನ್ನೇ ಓದಿದರು. ಅಬ್ಬಯ್ಯ ಬರಲಿಲ್ಲ. ಬಸ್ಸು ಬಂದು ನಿಂತ ಸದ್ದಾದಾಗಲೆಲ್ಲ ಅಮ್ಮ ಒಲೆ ಬಿಟ್ಟು ಬಾಗಿಲಿಗೆ ಬರುತ್ತಿದ್ದಳು. ಅವ್ವ ಬೇರೆಯೇ ಕೆಲಸ ಹಿಡಿದಳು. ತಂತಿಯ ಗುಂಡಿಗೆ ಒಂದು ಚೆಂಬು ಹಾಕುತ್ತಿದ್ದವಳು ಎರಡು ಬಿಂದಿಗೆ, ಮೂರು ಬಿಂದಿಗೆ ಹಾಕತೊಡಗಿದಳು. ನೀರು ಕಮ್ಮಿಯಾದರೆ ಧ್ವನಿ ಕೆಡುತ್ತದೆ ಅಂತ ಪೆಟ್ಟಿಗೆ ಕೂರಿಸಿದವನು ಹೇಳಿದ್ದನಲ್ಲ, ನೀರು ಜಾಸ್ತಿ ಹಾಕಿದರೆ ಧ್ವನಿ ಅಬ್ಬಯ್ಯ ಇರುವ ಕಡೆಗೂ ಹೋಗುತ್ತದೆ ಅಂದುಕೊಂಡಿದ್ದಳು. ರೇಡಿಯೋದಲ್ಲಿ ನಮ್ಮ ಗುಂಡಿಯಿಂದ ಮಾತು ಹೊರಗೆ ಹೋಗುವುದಿಲ್ಲ, ಒಳಗೆ ಬರುತ್ತದೆ ಅಷ್ಟೆ ಅಂತ ಅಪ್ಪ ಒಂದು ಸಲ ಬಿಡಿಸಿ ಹೇಳಿದರು. ಅವಳು ಕೇಳಿ ತಲೆಯಾಡಿಸಿ ಮತ್ತೆ ಬಿಂದಿಗೆ ಎತ್ತಿಕೊಂಡು ಹೋದಳು. ಗೋಡೆ ಒದ್ದೆ ಹಿಡಿಯಿತು, ತುಳಸಿ ಬುಡ ಕೊಳೆತು ಸತ್ತಿತು. ಅಮ್ಮ ಕೂಗಾಡಿದಳು. ಅಪ್ಪ ಮಾತ್ರ ಏನೂ ಅನ್ನಲಿಲ್ಲ, ಬಾವಿಯಿಂದ ತಾವೇ ನೀರು ಸೇದಿ ಬಿಂದಿಗೆ ತುಂಬಿಟ್ಟು ಶಾಲೆಗೆ ಹೋಗತೊಡಗಿದರು. ಎರಡು ವರ್ಷವಾದ ಮೇಲೆ ಅವ್ವ ಹೋದಳು. ಕ್ರಿಯೆಗೆ ಅಬ್ಬಯ್ಯನ ಭಾಗದ ಪಿಂಡವನ್ನೂ ಅಪ್ಪನೇ ಇಟ್ಟರು. ಆಮೇಲೆ ಅಪ್ಪನಿಗೆ ವರ್ಗವಾಯಿತು, ಪೆಟ್ಟಿಗೆಯ ಬೀಗದ ಕೈ ಬೇರೆಯವರಿಗೆ ಹೋಯಿತು.

ಅಲ್ಲಿಂದ ಮುಂದೆ ಅಪ್ಪನಿಗೆ ಉಳಿದದ್ದು ಒಂದೇ ಪ್ರಶ್ನೆ: ಅದನ್ನು ಅವನು ಕೇಳಿಸಿಕೊಂಡನೋ ಇಲ್ಲವೋ. ಅದನ್ನು ಅವರು ಯಾರ ಹತ್ತಿರ ಬೇಕಾದರೂ ಕೇಳುತ್ತಿದ್ದರು, ಬಸ್ಸಿನಲ್ಲಿ ಪಕ್ಕ ಕೂತವರ ಹತ್ತಿರವೂ. ಕೇಳಿಸಿಕೊಂಡೂ ಬರಲಿಲ್ಲ ಅಂದರೆ ತನ್ನನ್ನು ಅವನು ಕ್ಷಮಿಸಲಿಲ್ಲ ಅಂತ ಅರ್ಥ. ಕೇಳಿಸದೇ ಹೋಗಿದ್ದರೆ ಅದು ಹಣೆಬರಹ. ಈ ಎರಡರ ನಡುವೆ ತೂಗಾಡುತ್ತ ಅವರು ಮುದುಕರಾದರು.

ನಾನು ಓದು ಮುಗಿಸಿ ಚಿಂತಾಮಣಿಯ ಒಂದು ಕಚೇರಿಯಲ್ಲಿ ಗುಮಾಸ್ತಳಾದೆ. ನನ್ನ ಮೇಜಿಗೆ ಬರುತ್ತಿದ್ದವು ಹೆಸರು ತಪ್ಪಿದ ಅರ್ಜಿಗಳು. ಪಿಂಚಣಿ ಪುಸ್ತಕದಲ್ಲಿ ಒಂದು ಹೆಸರು, ಪಡಿತರ ಚೀಟಿಯಲ್ಲಿ ಒಂದು, ಊರವರ ಬಾಯಲ್ಲಿ ಇನ್ನೊಂದು. ಯಾವುದಾದರೂ ಒಂದನ್ನು ಹೊಡೆದುಹಾಕಿ ಅಂತ ಮೇಲಿನವರು ಹೇಳಿದರೂ ನಾನು ಒಪ್ಪುತ್ತಿರಲಿಲ್ಲ, ಎಲ್ಲದರ ನಡುವೆಯೂ ಉರುಫ್ ಬರೆಯುತ್ತಿದ್ದೆ. ಕಚೇರಿಯಲ್ಲಿ ನನಗೆ ಉರುಫ್ ಸರೋಜಮ್ಮ ಅಂತಲೇ ಹೆಸರು ಬಿತ್ತು. ಕಾರಣ ಯಾರಿಗೂ ಹೇಳಲಿಲ್ಲ. ಇನ್ನೊಂದು ಚಟವೂ ಇತ್ತು. ರೇಡಿಯೋ ರಿಪೇರಿಯವರು ಯಾರು ಕಂಡರೂ, ನಿಮ್ಮಲ್ಲಿ ಹಿಂದೆ ಅಬ್ಬಯ್ಯ ಅಂತ ಯಾರಾದರೂ ಕೆಲಸಕ್ಕಿದ್ದರೇ ಅಂತ ಕೇಳುವುದು. ಇಲ್ಲ ಅನ್ನುತ್ತಿದ್ದರು, ಮುಂದಿನ ಅರ್ಜಿ ತೆಗೆದುಕೊಳ್ಳುತ್ತಿದ್ದೆ.

ಹೀಗಿರುವಾಗ ಹಸೀನಾಬಿ ಅನ್ನುವ ವಯಸ್ಸಾದ ಹೆಂಗಸು ವಿಧವಾ ವೇತನದ ಕಾಗದ ಹಿಡಿದು ಬಂದರು. ಗಂಡನ ಹೆಸರು ಒಂದರಲ್ಲಿ ಅಬ್ದುಲ್ ರಹೀಮ್, ಇನ್ನೊಂದರಲ್ಲಿ ಬಾಬು ಸಾಬ್. ಏನು ಕೆಲಸ ಮಾಡುತ್ತಿದ್ದರು ಅಂದೆ. ಬಸ್ ಸ್ಟ್ಯಾಂಡ್ ಹತ್ತಿರ ರೇಡಿಯೋ ರಿಪೇರಿ, ಅಂಗಡಿ ಮುಚ್ಚಿ ಬಹಳ ವರ್ಷವಾಯಿತು ಅಂದರು. ನಾನು ವಾಡಿಕೆಯ ಪ್ರಶ್ನೆ ಕೇಳಿದೆ.

“ಅಬ್ಬಯ್ಯಾ? ನಮ್ಮ ಅಬ್ಬಯ್ಯನಾ?” ಅಂದರು ಆಕೆ. “ನಿಮಗೆ ಹೆಂಗೆ ಗೊತ್ತಮ್ಮ?”

ಅವರನ್ನು ಒಳಗೆ ಕರೆದು ಕೂರಿಸಿದೆ. ಮಂಡಿಕಲ್ಲಿನಿಂದ ಹೊರಟವನು ಚಿಂತಾಮಣಿಗೆ ಬಂದು ಅವರ ಅಂಗಡಿಯಲ್ಲಿ ಒಂದು ತಿಂಗಳಿಗೆ ಮೇಲೆ ಇದ್ದ. ಯಾವ ಊರು ಅಂದರೆ ಹೇಳುತ್ತಿರಲಿಲ್ಲ. ಬಂಗಾರದಂಥ ಕೈ, ಅವರ ಗಂಡ ಅವನನ್ನು ಮಗನ ಹಾಗೆ ನೋಡಿಕೊಂಡರು.

“ಒಂದಿನ ಸಂಜೆ ಮೂರು ಜನಾನೂ ಚಾ ಕುಡೀತಾ ಇದ್ವಿ. ರೇಡಿಯೋದಲ್ಲಿ ಏನೋ ಹೆಸರು ಹೇಳಿದ್ರು, ಮಂಡಿಕಲ್ ಅಂದ್ರು, ಪೊಲೀಸ್ ಠಾಣೆ ಅಂದ್ರು. ಅವನು ಲೋಟ ಕೆಳಗಿಟ್ಟುಬಿಟ್ಟ. ಅದು ನಾನೇ, ನಮ್ಮಣ್ಣ ಹೇಳಿದ ಹಂಗೇ ಪೊಲೀಸಿಗೆ ಕೊಟ್ಟವ್ನೆ, ಸರ್ಕಾರದ ರೇಡಿಯೋ ಒಡೆದಿದೀನಿ, ಜೈಲಿಗೆ ಹಾಕ್ತಾರೆ ಅಂದ. ನಮ್ಮನೆಯವ್ರು ಹೇಳಿದ್ರು, ಬೇಟಾ, ಕಾಣೆಯಾಗಿದಾನೆ ಅಂತಾರೆ, ಮನೆಯೋರು ಕರೀತಾವ್ರೆ, ಹೋಗು ಅಂತ.”

“ಏನಂದ?”

“ಮನೆಯೋರು ಕರೆದಿದ್ರೆ ಅಬ್ಬಯ್ಯ ಅಂತ ಕರೀತಿದ್ರು ಅಂದ. ಆ ಹೆಸರು ನಮ್ಮಮ್ಮನ ಬಾಯಲ್ಲೇ ತಿರುಗಲ್ಲ, ಅದು ಸರ್ಕಾರದೋರು ಕರೆಯೋ ಹೆಸರು ಅಂದ. ಬೆಳಗ್ಗೆ ಮೊದಲನೇ ಬಸ್ಸಿಗೇ ಹೊರಟುಬಿಟ್ಟ. ಆಂಧ್ರದ ಕಡೆ ಬಸ್ಸು. ಠಾಣೆಗೆ ಹೇಳೋಣ ಅಂದ್ರೆ ನಮಗೂ ಭಯ, ಎಲ್ಲಿ ಹುಡುಗನ್ನ ಹಿಡ್ಕೊಂಡು ಹೋಗ್ತಾರೋ ಅಂತ.”

ಅಪ್ಪ ಉರುಫ್ ಬೇಡ ಅಂದದ್ದು ತಮ್ಮ ಕಳ್ಳನ ಹಾಗೆ ಕೇಳಿಸಬಾರದು ಅಂತ. ಅದಿಲ್ಲದ್ದಕ್ಕೇ ಅವನಿಗೆ ತಾನು ಕಳ್ಳ ಅಂತ ಕೇಳಿಸಿತು. ಆ ಶುದ್ಧಪ್ರತಿಯನ್ನು ಗುಂಡಗಿನ ಅಕ್ಷರದಲ್ಲಿ ಬರೆದವಳು ನಾನು. ಹಸೀನಾಬಿಯವರ ಅರ್ಜಿ ಮುಗಿಸಿಕೊಟ್ಟು, ರಜೆ ಬರೆದು, ಬಸ್ಸು ಹತ್ತಿದೆ. ನಾನು ಆಗ ಚಿಕ್ಕಬಳ್ಳಾಪುರದ ಮನೆಯಿಂದಲೇ ದಿನವೂ ಕಚೇರಿಗೆ ಓಡಾಡುತ್ತಿದ್ದೆ, ಅಪ್ಪ ಅಲ್ಲಿ ನನ್ನ ಜೊತೆಗೇ ಇದ್ದರು. ಅಮ್ಮ ತೀರಿಕೊಂಡಿದ್ದಳು. ದಾರಿಯುದ್ದಕ್ಕೂ ನನಗೆ ಅಪ್ಪನ ಮೇಲೆ ಕೋಪ ಕುದಿಯುತ್ತಿತ್ತು. ಹೋಗಿದ್ದೇ ಮುಖದ ಮೇಲೆ ಹೇಳಿಬಿಡುತ್ತೇನೆ ಅಂದುಕೊಂಡೆ. ನಿಮ್ಮ ಕನ್ನಡದಿಂದ ಅವನು ಹೋದ, ನಿಮ್ಮ ಕ್ರಮದಿಂದ ಅವ್ವ ಹೋದಳು ಅಂತ ಮಾತುಗಳನ್ನೂ ಜೋಡಿಸಿಕೊಂಡಿದ್ದೆ.

ಹೋದಾಗ ಅಪ್ಪ ಊಟಕ್ಕೆ ಎಲೆ ಹಾಕಿಕೊಂಡು ಕೂತಿದ್ದರು. ಕಣ್ಣು ಮಂಜಾಗಿತ್ತು, ಸಾರನ್ನ ಎಲ್ಲಿದೆ ಅಂತ ಬೆರಳಿನಿಂದ ತಡವುತ್ತಿದ್ದರು. ನಾನು ಕೈಕಾಲು ತೊಳೆಯದೆ ಎದುರಿಗೆ ಕೂತೆ.

“ಅಪ್ಪ, ಅಬ್ಬಯ್ಯನ ಸುದ್ದಿ ಸಿಕ್ತು. ಚಿಂತಾಮಣೀಲಿ ರೇಡಿಯೋ ಅಂಗಡೀಲಿ ಕೆಲಸಕ್ಕಿದ್ನಂತೆ, ಆಗ.”

ಅವರ ಕೈ ಎಲೆಯ ಮೇಲೆ ನಿಂತಿತು. ಬದುಕಿದಾನಾ ಅಂತ ಕೇಳಲಿಲ್ಲ. ಎಲ್ಲಿದಾನೆ ಅಂತಲೂ ಕೇಳಲಿಲ್ಲ.

“ಕೇಳಿಸಿಕೊಂಡ್ನಂತಾ?” ಅಂದರು.

ಅವರು ನನ್ನ ಮುಖ ಇರುವ ಕಡೆಗೆ ನೋಡುತ್ತಿದ್ದರು.

“ಇಲ್ವಂತಪ್ಪ,” ಅಂದೆ. “ಆ ವಾರವೆಲ್ಲ ಅವನು ಸಾಮಾನು ತರೋಕೆ ಕೋಲಾರಕ್ಕೆ ಹೋಗಿದ್ನಂತೆ. ಅಂಗಡೀಲಿ ಇರ್ಲೇ ಇಲ್ವಂತೆ. ಆಮೇಲೆ ಆಂಧ್ರದ ಕಡೆ ಒಳ್ಳೇ ಕೆಲಸ ಸಿಕ್ಕಿ ಹೋದ್ನಂತೆ.”

ಅಪ್ಪ ಎಲೆಯ ಮೇಲಿನ ಅನ್ನವನ್ನು ಬೆರಳಿನಿಂದ ಒಟ್ಟು ಮಾಡಿದರು.

“ಹಾಗಾದ್ರೆ ಕೇಳಿಸಿದ್ರೆ ಬಂದಿರ್ತಿದ್ದ,” ಅಂದರು.

“ಬಂದಿರ್ತಿದ್ದ.”

ಅವತ್ತು ಅಪ್ಪ ಸಾರನ್ನವನ್ನು ಎರಡನೇ ಸಲ ಕೇಳಿ ಹಾಕಿಸಿಕೊಂಡು ಉಂಡರು. ನಾನು ಬಡಿಸುತ್ತ ಕೂತಿದ್ದೆ.